ಅಡಿಕೆ ಗಾತ್ರದ ಬೆಣ್ಣೆ

ಅವರು ತೀರಿಕೊಂಡರು ಅನ್ನೋ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಮೊದಲು ಮಾಡಿದ ಕೆಲಸ ನಂಬದೇ ಇದ್ದದ್ದು. ಅಳು ಆಮೇಲೆ ಬಂತು. ಮೆಸೇಜಿನ ನೆತ್ತಿ ಮೇಲೆ 'ಫಾರ್ವರ್ಡೆಡ್' ಅಂತ ಇತ್ತು. ಫಾರ್ವರ್ಡ್ ಆಗಿ ಬಂದದ್ದನ್ನ ನಂಬಬೇಡ ಅಂತ ನನ್ನ ತಲೆ ತಿಂದವರೇ ಅವರು. ಭದ್ರಾವತಿಗೆ ಫೋನ್ ಹಚ್ಚಿದೆ. ಅವರ ಮನೆಯವರೇ ಎತ್ತಿದರು. "ಹೌದಮ್ಮ, ಬೆಳಿಗ್ಗೆ" ಅಂದರು. ಅಂಥಾ ಹೊತ್ತಲ್ಲೂ ಒಂದು ಮಾತು ಸೇರಿಸಿದರು: "ಡಾಕ್ಟ್ರು ಹೇಳಿದ್ರೂ ನಂಗೆ ನಂಬಿಕೆ ಬರ್ಲಿಲ್ಲ ಕಣಮ್ಮ. ಎಲ್ಲಿ ಎದ್ದು ಕೂತು, ನಾಡಿ ಸರಿಯಾಗಿ ನೋಡಿದ್ರೇನ್ರೀ ಅಂತ ಕೇಳ್ತಾರೋ ಅಂತ ಕಾಯ್ತಾ ಇದ್ದೆ."

ಅವರ ಹೆಸರನ್ನ ನಾನಿಲ್ಲಿ ಬರೆಯಲ್ಲ. ಒಂದು ಪುಸ್ತಕದಲ್ಲಿ ಅಚ್ಚಾಗಿದೆ, ಬೇಕಾದವರು ಅಲ್ಲೇ ನೋಡಿಕೊಳ್ಳಲಿ. ಆ ಹೆಸರು ಅಲ್ಲಿ ಕೂರೋದಕ್ಕೆ ಏನೇನು ರಾಮಾಯಣ ಆಯಿತು ಅನ್ನೋದು ಗೊತ್ತಿರೋದು ನನಗೆ, ಬೆಂಗಳೂರಿನ ಒಬ್ಬ ಹೆಣ್ಣುಮಗಳಿಗೆ, ಮತ್ತೆ ಭದ್ರಾವತಿಯ ಅಡಿಗೆ ಮಣಿಗೆ. ನಾನು ಹೇಳದಿದ್ದರೆ ಆ ಇಬ್ಬರೂ ಹೇಳೋರಲ್ಲ.

ಶಿವಮೊಗ್ಗದ ಗೋಪಾಳದಲ್ಲಿ ಔಷಧಿ ಅಂಗಡಿ ಮೇಲೆ ನನ್ನ ಟ್ರಾನ್ಸ್‌ಲೇಶನ್ ಆಫೀಸು. ಆಫೀಸು ಅನ್ನೋದು ದೊಡ್ಡ ಮಾತಾಯಿತು. ಒಂದು ರೂಮು, ಎರಡು ಮೇಜು, ಕರೆಂಟು ಹೋದ ತಕ್ಷಣ ಬೊಬ್ಬೆ ಹೊಡೆಯೋ ಒಂದು ಯುಪಿಎಸ್ಸು. ಕ್ರಯಪತ್ರ, ಅಫಿಡವಿಟ್ಟು, ಶಾಲೆ ಸರ್ಟಿಫಿಕೇಟು, ಇಂಥವನ್ನ ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಟ್ಟು ಹೊಟ್ಟೆ ಹೊರೆಯೋಳು ನಾನು. ಬೋರ್ಡಿನಲ್ಲಿ ಮಾತ್ರ 'ಎಲ್ಲಾ ಭಾಷೆಗಳ ಅನುವಾದ ಮಾಡಿಕೊಡಲಾಗುವುದು' ಅಂತ ಬರೆಸಿದ್ದೆ. ಒಂದು ದಿನ ಬಿಳಿ ಪಂಚೆ, ಅರ್ಧ ತೋಳಿನ ಶರಟು, ಹೆಗಲ ಮೇಲೆ ಚೌಕ ಹಾಕಿಕೊಂಡ ಒಬ್ಬರು ಮೆಟ್ಟಿಲು ಹತ್ತಿ ಬಂದು, ಕೂರಿ ಅಂದರೂ ಕೂರದೆ, ಕುರ್ಚಿಯ ಕಾಲನ್ನ ಒಮ್ಮೆ ಅಲ್ಲಾಡಿಸಿ ನೋಡಿ ಕೇಳಿದರು.

"ಎಲ್ಲಾ ಭಾಷೆ ಅಂತ ಬರೆಸಿದೀಯಲ್ಲ, ಎಲ್ಲಾ ಅಂದ್ರೆ ಎಲ್ಲಾನಾ? ಸುಳ್ಳಲ್ವೇನಮ್ಮ?"

"ಬೋರ್ಡು ಅಂದ್ಮೇಲೆ ಹಾಗೇ ಸರ್."

"ಇಟಾಲಿಯನ್ ಬರುತ್ತಾ?"

ನನಗೆ ರೇಗಿತು. "ನಿಮಗೆ ಬರುತ್ತಾ?" ಅಂದೆ.

"ಅಡಿಗೆಮನೆ ಮಟ್ಟಿಗೆ ಬರುತ್ತೆ" ಅಂದರು. ಆಮೇಲೆ ಕೂತರು.

ಅದು ನಿಜವೇ ಇತ್ತು. ವೇದಪಾಠ, ಸಂಸ್ಕೃತ ಇದ್ದ ಮನೆತನ ಅವರದ್ದು. ಭದ್ರಾವತಿಯ ಒಂದು ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ಗುಮಾಸ್ತರಾಗಿದ್ದು, ರಿಟೈರಾದ ಮೇಲೆ ಕೆಲಸ ಕೇಳಿಕೊಂಡು ಬಂದಿದ್ದರು. ಅವರು ಅಲ್ಲಿದ್ದಾಗ ಯಾವುದೋ ದೊಡ್ಡ ಮೆಷೀನು ಕೂರಿಸೋಕೆ ಇಟಲಿಯಿಂದ ಫಿಟ್ಟರುಗಳು ಬಂದು ಬಹಳ ಕಾಲ ಠಿಕಾಣಿ ಹೂಡಿದರಂತೆ. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೆ. ಆಗ ಒಬ್ಬ ಆಫೀಸರು ಇವರನ್ನ ಕರೆದು, "ನಿಮಗೆ ಸಂಸ್ಕೃತ ಬರುತ್ತಲ್ರೀ, ಇಟಾಲಿಯನ್ ಯಾವ ಮಹಾ! ಅವರ ಊಟ ತಿಂಡಿ ನೀವೇ ನೋಡ್ಕೊಳ್ಳಿ" ಅಂದುಬಿಟ್ಟ. ಹೀಗೆ ಇವರ ಇಟಾಲಿಯನ್ ಶುರುವಾಗಿದ್ದು ಒಂದು ಒಲೆಯ ಪಕ್ಕ, ಮುಗಿದದ್ದೂ ಅಲ್ಲೇ. ಇಟಲಿಗೆ ಹೋಗಿ ಬಸ್‌ಸ್ಟ್ಯಾಂಡ್ ಎಲ್ಲಿದೆ ಅಂತ ಕೇಳೋಕೆ ಇವರಿಗೆ ಬರ್ತಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿ, ಮೀನಿಗೆ ಮುಳ್ಳು ಜಾಸ್ತಿ, ಶಾವಿಗೆ ಮುದ್ದೆಯಾಗಿದೆ ಅಂತ ಬೈಯೋದಕ್ಕೆ ಮಾತ್ರ ಸರಾಗವಾಗಿ ಬರ್ತಿತ್ತು. ಫಿಟ್ಟರುಗಳು ಇವರಿಗೆ ಹೇಳೋರು, ಇವರು ಅಡಿಗೆ ಮಾಡೋ ಮಣಿಗೆ ಹೇಳೋರು. ಮಣಿ ತಮಿಳಿನವನು. ಮಾಂಸದ ಅಡಿಗೆಮನೆ ಅಂತ ಇವರು ಹೊಸಿಲು ದಾಟುತ್ತಿರಲಿಲ್ಲ, ಬಾಗಿಲಲ್ಲೇ ನಿಂತು ಮೂಗಿನಿಂದಲೇ ಉಸ್ತುವಾರಿ.

"ತಿನ್ನದೇ ಇರೋದನ್ನೆಲ್ಲ ಅದ್ಹೇಗೆ ಟ್ರಾನ್ಸ್‌ಲೇಟ್ ಮಾಡ್ತೀರ ಸರ್?" ಅಂತ ಕೇಳಿದ್ದೆ.

"ನೀನು ಕೊಲೆ ಕೇಸಿನ ಪೇಪರ್ ಟ್ರಾನ್ಸ್‌ಲೇಟ್ ಮಾಡ್ತೀಯಲ್ಲ, ಎಷ್ಟು ಜನಾನ ಕೊಂದಿದೀಯ?" ಅಂದರು.

ನನ್ನ ಬೋರ್ಡಿನ ಸುಳ್ಳು ನಿಜವಾಗಲಿ ಅಂತಲೋ ಏನೋ, ಬೆಂಗಳೂರಿನ ಒಂದು ಕಂಪನಿಯಿಂದ ಇಟಲಿಯ ತಿಂಡಿ ಪೊಟ್ಟಣ, ಬಾಟಲಿಗಳ ಮೇಲಿನ ಬರಹವನ್ನ ಇಂಗ್ಲಿಷ್ ಮಾಡೋ ಕೆಲಸ ಬರೋಕೆ ಶುರುವಾಯಿತು. ಆಮೇಲೆ ಹೋಟೆಲುಗಳ ಮೆನು. ಅವರು ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದುಹೋಗಿ ಮಾಡೋರು. ಅವರ ಇಂಗ್ಲಿಷನ್ನ ಓದಿ ತಿದ್ದಿ ಕಳಿಸೋದು ನಾನು.

ಅನುಮಾನ ಅನ್ನೋದು ಅವರಿಗೆ ಕಾಫಿ ಇದ್ದ ಹಾಗೆ, ಬೆಳಿಗ್ಗೆ ಎದ್ದ ತಕ್ಷಣ ಬೇಕಿತ್ತು. 'ಶಿವಮೊಗ್ಗ' ಅಂತ ಎದುರಿಗೇ ಬರೆದಿರೋ ಬಸ್ಸಿನ ಕಂಡಕ್ಟರನ್ನ ದಿನಾ ಕೇಳೋರು, "ಶಿವಮೊಗ್ಗಕ್ಕೇ ಹೋಗುತ್ತಾ?" ಕಂಡಕ್ಟರು ಬೋರ್ಡು ತೋರಿಸಿದರೆ, "ಬೋರ್ಡು ಬರೆದೋನು ಬಸ್ ಓಡಿಸ್ತಾನೇನಪ್ಪ?" ಹೋಟೆಲಿನಲ್ಲಿ 'ಇವತ್ತಿನ ಸ್ಪೆಷಲ್' ಅನ್ನೋದನ್ನ ಓದಿ, "ನಿನ್ನೆ ಉಳಿದದ್ದು" ಅಂತ ನನಗೆ ಟ್ರಾನ್ಸ್‌ಲೇಟ್ ಮಾಡಿ ಹೇಳೋರು. ಒಮ್ಮೆ ತ್ಯಾವರೆಕೊಪ್ಪಕ್ಕೆ ಹುಲಿ ನೋಡೋಕೆ ಹೋಗಿಬಂದವರು, "ಹೇಗಿತ್ತು ಸರ್?" ಅಂದರೆ, "ಅದು ನನ್ನನ್ನ ನಂಬಲಿಲ್ಲ, ನಾನು ಅದನ್ನ ನಂಬಲಿಲ್ಲ. ಒಳ್ಳೇ ಪ್ರಾಣಿ" ಅಂದರು.

ಪದಗಳ ವಿಷಯದಲ್ಲಂತೂ ಪೊಲೀಸಿನವರೂ ಅಷ್ಟು ಗುಮಾನಿ ಪಡೋದಿಲ್ಲ. ಮೊದಲ ವಾರವೇ ಒಂದು ಬಾಟಲಿ ಬಂತು. ಅದರ ಮೇಲೆ 'ಪೆಪೆರೋನಿ' ಅಂತ ಇತ್ತು. ಪಿಜ್ಜಾ ಮೇಲೆ ಹಾಕ್ತಾರಲ್ಲ, ಹಂದಿ ಮಾಂಸದ ಬಿಲ್ಲೆ, ಅದೇ ಅಂದುಕೊಂಡು ನಾನು ಅದಕ್ಕೆ ನಾನ್‌ವೆಜ್ ಗುರುತು ಬರೆಯೋಕೆ ಹೋದೆ. ಅವರು ನನ್ನ ಕೈ ಮೇಲೆ ಫಟ್ ಅಂತ ಹೊಡೆದರು. ಇಟಲಿಯಲ್ಲಿ ಪೆಪೆರೋನಿ ಅಂದರೆ ದೊಣ್ಣೆ ಮೆಣಸಿನಕಾಯಿ! ಎಣ್ಣೆಯಲ್ಲಿ ಮಲಗಿದ್ದ ಪಾಪದ ದೊಣ್ಣೆ ಮೆಣಸಿನಕಾಯಿಯನ್ನ ನಾನು ಹಂದಿ ಮಾಡಿಬಿಡ್ತಿದ್ದೆ.

"ಗುರುತಿಲ್ಲದ ಪದ ಏನೂ ಮಾಡಲ್ಲ ಮಾರಾಯ್ತಿ" ಅಂದರು. "ಡಿಕ್ಷನರಿ ತೆಗೀತೀಯ, ನೋಡ್ತೀಯ. ನೆಂಟರ ಥರ ನಗ್ತಾ ಒಳಗೆ ಬರುತ್ತಲ್ಲ, ಅದೇ ಕಳ್ಳ. ಅದನ್ನ ಬಾಗಿಲಲ್ಲೇ ನಿಲ್ಸು."

ಅದಕ್ಕೊಂದು ಕಥೆ. ಫಿಟ್ಟರುಗಳು ಗೆಸ್ಟ್‌ಹೌಸಿನ ಬಚ್ಚಲಿಗೆ ತಮ್ಮ ಊರಿನ ನಲ್ಲಿ ಕೂರಿಸಿಕೊಂಡಿದ್ದರಂತೆ. ಒಂದರ ಮೇಲೆ 'ಸಿ' ಅಂತ ಅಕ್ಷರ. 'ಸಂಸ್ಕೃತ ಬರುತ್ತಲ್ರೀ' ಅಂದಿದ್ದ ಅದೇ ಆಫೀಸರು ಒಂದು ದಿನ ಅಲ್ಲಿ ಸ್ನಾನಕ್ಕೆ ಹೋಗಿ, ಸಿ ಅಂದರೆ ಕೋಲ್ಡು ಅಂತ ಪೂರಾ ತಿರುಗಿಸಿದ. ಇಟಾಲಿಯನ್ನಿನಲ್ಲಿ 'ಕಾಲ್ದೊ' ಅಂದರೆ ಬಿಸಿ. ಆಫೀಸರ ಕೂಗು ಕಾಲೋನಿಗೆಲ್ಲ ಕೇಳಿಸಿತಂತೆ. "ನಂಗೆ ಗೊತ್ತಿತ್ತು. ಆದ್ರೆ ಅವನು ಕೇಳ್ಲಿಲ್ಲ" ಅಂತ ಹೇಳುವಾಗ ಅವರ ಮುಖದಲ್ಲಿ ಎಂಥಾ ತೃಪ್ತಿ! ದೊಡ್ಡ ಮನುಷ್ಯರೇನಲ್ಲ ಅವರು, ಇಂಥ ಸಣ್ಣತನ ಬೇಕಾದಷ್ಟಿತ್ತು.

ಒಳ್ಳೆ ಇಂಗ್ಲಿಷು ಯಾವುದು ಅನ್ನೋದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಪರೀಕ್ಷೆ: ಅಡಿಗೆಯವನು ತಿರುಗಿ ಕೇಳಬಾರದು. ಓದಿದ ತಕ್ಷಣ ಕೈ ಓಡಬೇಕು. "ಹಾಗಂದ್ರೆ?" ಅಂತ ಅವನು ತಲೆ ಎತ್ತಿದರೆ ನಿನ್ನ ಅನುವಾದ ಕೆಟ್ಟಿತು ಅಂತಲೇ. 'ಸೊಫ್ರಿತ್ತೊ' ಅಂತ ಒಂದು ಪದ ಬಂದಾಗ ನಾನು, "ಒಗ್ಗರಣೆ ತಾನೆ ಸರ್?" ಅಂದೆ. "ಒಗ್ಗರಣೆ ಕೊನೆಗೆ ಹಾಕ್ತಾರೆ, ಚಟಪಟ ಅನ್ಸಿ. ಇದು ಮೊದ್ಲಿಗೆ, ಸದ್ದೇ ಇಲ್ದೆ. ಈರುಳ್ಳಿ ಬೆವರ್ಬೇಕು, ಕಪ್ಪಾಗಬಾರ್ದು" ಅಂದು, ಈರುಳ್ಳಿ ಕ್ಯಾರೆಟ್ಟು ಇತ್ಯಾದಿಯನ್ನ ಸಣ್ಣ ಉರಿಯಲ್ಲಿ ಮೆತ್ತಗಾಗುವ ತನಕ ಬಾಡಿಸಿ ಅಂತ ನೇರವಾಗಿ ಇಂಗ್ಲಿಷಿನಲ್ಲಿ ಬರೆದರು. ಪದವೇ ಮಾಯ, ಕೆಲಸ ಮಾತ್ರ ಉಳೀತು. ಅವರು ಪೂರ್ತಿ ನಂಬಿದ ಇಟಾಲಿಯನ್ ಮಾತು ಒಂದೇ ಒಂದು, 'ಕ್ವಾಂತೊ ಬಾಸ್ತಾ'. ಉಪ್ಪಿನ ಮುಂದೆ ಬರೀತಾರಂತೆ, ಸಾಕಾಗುವಷ್ಟು ಅಂತ ಅರ್ಥ. "ರುಚಿಗೆ ತಕ್ಕಷ್ಟು! ಇದನ್ನ ಮಾತ್ರ ನಮ್ಮಜ್ಜಿನೇ ಅವರಿಗೆ ಹೇಳ್ಕೊಟ್ಟಿರ್ಬೇಕು" ಅನ್ನೋರು.

ಪುಸ್ತಕ ಬಂದದ್ದು ಆಮೇಲೆ. ಇಟಲಿಯ ಹಳ್ಳಿಯೊಂದರ ಮನೆ ಅಡಿಗೆಗಳ ಪುಸ್ತಕ, ಇಂಗ್ಲಿಷಿಗೆ ಆಗಬೇಕು, ಅನುವಾದಕರ ಹೆಸರನ್ನ ಒಳಪುಟದಲ್ಲಿ ಹಾಕುತ್ತೇವೆ ಅಂತ ಅದೇ ಕಂಪನಿಯವರು ಬರೆದರು. ಪೊಟ್ಟಣದ ಮೇಲೆ, ಮೆನು ಮೇಲೆ ಯಾರು ಹೆಸರು ಹಾಕ್ತಾರೆ? ಅಷ್ಟು ಕಾಲ ದುಡಿದದ್ದರಲ್ಲಿ ಎಲ್ಲೂ ಅವರ ಗುರುತಿರಲಿಲ್ಲ. ಆ ಮೇಲ್ ನಾನು ಓದಿ ಹೇಳಿದಾಗ ಅವರು ಚೌಕದಿಂದ ಕನ್ನಡಕ ಒರೆಸಿಕೊಂಡು, "ಇನ್ನೊಂದ್ಸಲ ಓದು" ಅಂದರು. ಓದಿದೆ. "ಹಾಕ್ತೀವಿ ಅಂದಿದಾರೋ, ಹಾಕಬಹುದು ಅಂದಿದಾರೋ?" ಹಾಕ್ತೀವಿ ಅಂತಲೇ ಇದೆ ಸರ್ ಅಂದೆ. "ನೋಡೋಣ" ಅಂದರು. ಆದರೆ ಮನೆಯಲ್ಲಿ ಹೇಳಿದ್ದಾರೆ, ಮಣಿಗೆ ಹೇಳಿದ್ದಾರೆ, ಕೆಳಗಿನ ಔಷಧಿ ಅಂಗಡಿಯವರಿಗೂ ಹೇಳಿಬಿಟ್ಟಿದ್ದಾರೆ! ಎಷ್ಟು ಆಸೆ ಇತ್ತು ಅಂತ ನನಗೆ ಅವತ್ತೇ ಗೊತ್ತಾಯಿತು.

ಅಲ್ಲಿಂದ ಅವರ ನಡವಳಿಕೆ ಬದಲಾಯಿತು. ನಿಧಾನವಾಗಿ ಕೆಲಸ ಮಾಡೋರು ಇದ್ದಕ್ಕಿದ್ದ ಹಾಗೆ ಚುರುಕಾದರು. ಕಂಪ್ಯೂಟರಿನ ಎದುರು ಕೂತು, ನಾನು ಹತ್ತಿರ ಹೋದರೆ ಚೌಕ ತೆಗೆದು ಸ್ಕ್ರೀನಿನ ಮೇಲೆ ಇಳಿಬಿಡೋರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಫೋನ್ ಹಿಡಿದು ಮೆಟ್ಟಿಲಿಗೆ ಹೋಗಿ, ಗೋಡೆಗೆ ಮುಖ ಮಾಡಿ, ಗುಸುಗುಸು. ವಾಪಸ್ ಬಂದು ಟಕಟಕ ಅಂತ ಬರೆಯೋರು. ಇವರಿಗೆ ಯಾರೋ ಹೇಳಿಕೊಡ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಇಲ್ಲಾ, ಆ ಫೋನಿನೊಳಗಿನ ಮೆಷೀನಿಗೇ ಕೇಳ್ತಿದ್ದಾರೆ. ಈಗೆಲ್ಲ ಅದೇ ತಾನೆ, ಬಾಯಲ್ಲಿ ಹೇಳಿದರೆ ಸಾಕು, ಎಲ್ಲಾ ಭಾಷೆಗೂ ಮಾಡಿಕೊಡುತ್ತೆ. ನನ್ನ ಬೋರ್ಡಿನಲ್ಲಿರೋ ಸುಳ್ಳು ಅದರ ಬಾಯಲ್ಲಿ ನಿಜವಾಗಿದೆ.

ಇದರ ನಡುವೆ ಬೆಣ್ಣೆಯ ವಿಚಾರ. ಪುಸ್ತಕದಲ್ಲಿ ಮಾತುಮಾತಿಗೆ 'ನೋಚೆ ದಿ ಬುರ್ರೊ' ಅಂತ ಬರ್ತಿತ್ತು. ಅಕ್ಷರಕ್ಕೆ ಅಕ್ಷರ ಇಟ್ಟರೆ ಬೆಣ್ಣೆಯ ಅಕ್ರೋಟು. ಅಕ್ರೋಟಿನಷ್ಟು ಬೆಣ್ಣೆ ಅಂತ ತಾತ್ಪರ್ಯ. ಅದನ್ನ ಇವರು ಇಂಗ್ಲಿಷಿನಲ್ಲಿ 'ಅರೆಕಾನಟ್ ಗಾತ್ರದ ಬೆಣ್ಣೆ' ಅಂತ ಬರೆದಿದ್ದರು. ನಾನು ಗಾಜನೂರು ಕಡೆಯ ಒಕ್ಕಲು ಮನೆಯವಳು, ಅಡಿಕೆ ವಿಷಯದಲ್ಲಿ ನನ್ನ ಬಾಯಿ ಮುಚ್ಚಿಸೋಕಾಗುತ್ತಾ?

"ಸುಲಿದ ಅಡಿಕೆನಾ ಸರ್, ಸಿಪ್ಪೆಗೋಟಾ? ಎರಡಕ್ಕೂ ಅಜಗಜಾಂತರ ಇದೆ."

"ಬೆಣ್ಣೆಗೆ ಸಿಪ್ಪೆ ಇರುತ್ತೇನಮ್ಮ?"

"ಇಂಗ್ಲಿಷಿನಲ್ಲಿ ಅದಕ್ಕೆ ನಾಬ್ ಆಫ್ ಬಟರ್ ಅಂತಾರೆ ಸರ್."

"ನಾಬ್ ಅಂದ್ರೆ ಬಾಗಿಲ ಹಿಡಿ. ಬಾಗಿಲ ಹಿಡಿಯಷ್ಟು ಬೆಣ್ಣೆ ಹಾಕಿದ್ರೆ ತಿಂದೋನು ಆಸ್ಪತ್ರೆ ಬಾಗಿಲು ತಟ್ಬೇಕು. ನೀನು ಸ್ಪೆಲ್ಲಿಂಗ್ ನೋಡು, ಸಾಕು."

ವಾದ ಮಾಡಿ ಗೆಲ್ಲಬಹುದಾದ ಆಸಾಮಿ ಅಲ್ಲ ಅವರು. ಅರ್ಧ ಪುಸ್ತಕ ಕಳಿಸೋ ದಿನ ಬಂದಾಗ ಅದೇ ಫೈಲಿನಲ್ಲಿ ಕೂತು ಎಲ್ಲಾ ಅಡಿಕೆಯನ್ನೂ ಕಿತ್ತು ನಾಬ್ ಹಾಕಿದೆ. ಲಂಡನ್ನಿನಲ್ಲಿ ಕೂತು ಓದೋಳಿಗೆ ಅಡಿಕೆ ಕಂಡು ಗೊತ್ತಾ? ತಿದ್ದೋದು ನನ್ನ ಕಸುಬು, ತಿದ್ದಿದೆ. ಇವತ್ತು ಕೇಳಿದರೂ ತಿದ್ದುತ್ತೇನೆ.

ಬೆಂಗಳೂರಿನಿಂದ ಉತ್ತರ ಬಂತು. ಬರವಣಿಗೆ ಬಹಳ ನಯವಾಗಿದೆ, ಇದು ಮನುಷ್ಯ ಮಾಡಿದ್ದಲ್ಲ, ಮೆಷೀನ್ ಮಾಡಿದ್ದು ಅಂತ ನಮ್ಮ ಸಾಫ್ಟ್‌ವೇರ್ ಹೇಳ್ತಿದೆ. ಹಾಗಿದ್ದ ಪಕ್ಷದಲ್ಲಿ ಅನುವಾದಕರ ಹೆಸರು ಹಾಕಲು ಬರುವುದಿಲ್ಲ. ನಾಳೆ ವಿಡಿಯೋ ಕಾಲಿನಲ್ಲಿ ಅವರ ಹತ್ತಿರ ಮಾತಾಡಬೇಕು.

ಓದಿ ಹೇಳಿದೆ. ಅವರು ನಕ್ಕರು. "ಮೆಷೀನೇ ಮೆಷೀನಿನ ಮೇಲೆ ಅನುಮಾನ ಪಡೋ ಕಾಲ ಬಂತಾ? ಪರವಾಗಿಲ್ಲ" ಅಂದರು. ಆಮೇಲೆ ನಗು ನಿಂತಿತು. "ಹೆಸರು ಹಾಕಲ್ಲ ಅಂದ್ರಾ?" ಅಂತ ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಔಷಧಿ ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದ ಮನುಷ್ಯ.

ನನಗೆ ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ. "ಸರ್, ನಿಜ ಹೇಳಿ. ಮೆಟ್ಟಿಲ ಮೇಲೆ ದಿನಾ ಯಾರ ಹತ್ರ ಮಾತಾಡ್ತೀರ? ಸ್ಕ್ರೀನಿಗೆ ಚೌಕ ಯಾಕೆ ಹೊದಿಸ್ತೀರ? ನಂಗೂ ಅನುಮಾನ ಇದೆ" ಅಂದುಬಿಟ್ಟೆ.

ಕೋಪ ಮಾಡ್ಕೊಳ್ತಾರೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು ಮಾರಾಯ್ರೆ! "ಬಂತಾ? ಅನುಮಾನ ಬಂತಾ? ಈಗ ನೋಡು ನೀನು ಟ್ರಾನ್ಸ್‌ಲೇಟರ್ ಆದೆ" ಅಂದರು. ಫೋನ್ ತೆಗೆದು ಹಚ್ಚಿ, ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಒಂದು ಗೊಗ್ಗರು ದನಿ, "ಸೊಲ್ಲುಂಗೊ ಸಾರ್, ಹೇಳಿ" ಅಂತು. ಮಣಿ!

ವಿಷಯ ಇಷ್ಟೆ. ಬರೆದದ್ದನ್ನೆಲ್ಲ ಇವರು ಮಣಿಗೆ ಫೋನಿನಲ್ಲಿ ತಮಿಳು ಕನ್ನಡ ಬೆರೆಸಿ ಹೇಳೋರು. ಮಣಿ ಎಲ್ಲಿ "ಅಪ್ಪಡೀನಾ? ಹಾಗಂದ್ರೆ?" ಅಂತ ತಿರುಗಿ ಕೇಳ್ತಾನೋ, ಅಲ್ಲಿ ಇಂಗ್ಲಿಷು ಬದಲಾಯಿಸೋರು. ಇಟಲಿಯ ಅಡಿಗೆ, ಇಂಗ್ಲಿಷಿನ ಪುಸ್ತಕ, ಅದಕ್ಕೆ ಪರೀಕ್ಷಕ ಇಂಗ್ಲಿಷಿನ ಗಂಧವಿಲ್ಲದ ಭದ್ರಾವತಿಯ ಮಣಿ. ಚೌಕ ಹೊದಿಸ್ತಿದ್ದದ್ದು ಯಾಕೆ ಅಂದರೆ, ಮಣಿ ಕೇಳೋಕೆ ಮುಂಚೆ ನಾನು ಕೇಳಿಬಿಟ್ಟರೆ ಪರೀಕ್ಷೆ ಕೆಡುತ್ತಂತೆ. ನಗಬೇಕೋ ಅಳಬೇಕೋ ತಿಳೀಲಿಲ್ಲ. ಅವರು ಹೇಳಿದ್ದನ್ನ ನಾನು ನಂಬಿದೆ, ಆದರೆ ಪೂರ್ತಿ ಅಲ್ಲ.

ಮಾರನೇ ದಿನ ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದರು. ಲ್ಯಾಪ್‌ಟಾಪಿನಲ್ಲಿ ಬೆಂಗಳೂರಿನ ಎಡಿಟರ್ ಹುಡುಗಿ ಕಾಣಿಸಿದಳು. ಒಳ್ಳೇವಳೇ, ನಮಸ್ಕಾರ ಸರ್ ಅಂತ ಕನ್ನಡದಲ್ಲೇ ಶುರು ಮಾಡಿದಳು. ಅದು ಇದು ಕೇಳಿದಳು. ಪೆಪೆರೋನಿ ಆಯಿತು, ಸೊಫ್ರಿತ್ತೊ ಆಯಿತು, ಇವರು ಎಲ್ಲದಕ್ಕೂ ಪಟಪಟ ಹೇಳಿದರು. ನಾನು ಉಸಿರು ಬಿಡಬೇಕು ಅನ್ನೋಷ್ಟರಲ್ಲಿ ಅವಳು ಕೇಳಿದಳು: "ಸರ್, ನೋಚೆ ದಿ ಬುರ್ರೊ ಅನ್ನೋದನ್ನ ನೀವು ಏನಂತ ಮಾಡಿದೀರಾ?"

"ಅಡಿಕೆ ಗಾತ್ರದ ಬೆಣ್ಣೆ" ಅಂದರು ಇವರು, ಎದೆ ಉಬ್ಬಿಸಿ.

ಹುಡುಗಿ ಕಾಗದ ನೋಡಿದಳು. "ಆದ್ರೆ ಸರ್, ಫೈಲಲ್ಲಿ ಎಲ್ಲಾ ಕಡೆ ನಾಬ್ ಆಫ್ ಬಟರ್ ಅಂತಿದೆ. ಯಾವ ಮೆಷೀನಿಗೆ ಕೇಳಿದ್ರೂ ಅದನ್ನೇ ಹೇಳುತ್ತೆ. ಅಂದ್ರೆ, ಈ ಫೈಲು ನೀವು ಬರೆದಿದ್ದಲ್ವಾ?"

ಇವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಾನು ಬದಲಾಯಿಸಿದ್ದು ಮೇಡಂ" ಅಂದೆ. "ತಿದ್ದೋದು ನನ್ನ ಕೆಲಸ."

"ಎಲ್ಲಾ ಕಡೆನೂ?" ಅಂತ ಕೇಳಿದರು ಇವರು, ಅವಳಲ್ಲ.

"ಎಲ್ಲಾ ಕಡೆನೂ ಸರ್."

"ಹಳೇ ಪ್ರತಿ ಇದ್ಯಾ?" ಅಂತ ಹುಡುಗಿ ಕೇಳಿದಳು. ಎಲ್ಲಿಂದ ತರಲಿ? ಅದೇ ಫೈಲಿನಲ್ಲಿ ತಿದ್ದಿ ಅದನ್ನೇ ಉಳಿಸಿದ್ದೆ. "ಹಾಗಾದ್ರೆ ನಾನು ಹೇಗೆ ನಂಬ್ಲಿ?" ಅಂದಳು. ನ್ಯಾಯವಾದ ಪ್ರಶ್ನೆ. ಇವರ ಬಾಯಿಂದಲೇ ನಾನು ದಿನಾ ಕೇಳ್ತಿದ್ದ ಪ್ರಶ್ನೆ. ಇವರ ಹೆಸರು ಆ ಒಳಪುಟದಿಂದ ಜಾರಿಹೋಗ್ತಾ ಇರೋದು ನನಗೆ ಕಣ್ಣಿಗೆ ಕಟ್ಟಿತು.

ಅವರು ಫೋನ್ ತೆಗೆದು, ಸ್ಪೀಕರ್ ಹಾಕಿ, ಲ್ಯಾಪ್‌ಟಾಪಿನ ಮುಂದೆ ಇಟ್ಟರು. "ಮಣಿ, ನೋಚೆ ದಿ ಬುರ್ರೊ. ಎವ್ವಳವು, ಎಷ್ಟು?" ಅಂತ ಇಷ್ಟೇ ಕೇಳಿದರು.

ಆ ಕಡೆಯಿಂದ ಮೊದಲು ನಗು ಬಂತು. ಕೆಮ್ಮು ಬಂತು. ಮತ್ತೆ ನಗು. "ಅಯ್ಯೋ ಸಾರ್, ಪಾಕ್ಕು! ಪಾಕ್ಕು ಅಳವು! ಅಂದ ವೆಳ್ಳಕಾರನ್ ಸತ್ತೇ ಹೋಗ್ತಿದ್ದ ಸಾರ್!"

ತಮಿಳಿನಲ್ಲಿ ಪಾಕ್ಕು ಅಂದರೆ ಅಡಿಕೆ, ಅಳವು ಅಂದರೆ ಗಾತ್ರ, ವೆಳ್ಳಕಾರನ್ ಅಂದರೆ ಬಿಳಿಯ. ಹುಡುಗಿಗೆ ತಮಿಳು ಬರ್ತಿತ್ತು ಅಂತ ಕಾಣುತ್ತೆ, ಮುಂದಕ್ಕೆ ಬಗ್ಗಿದಳು. ಮಣಿ ಯಾರೂ ಕೇಳದೆ ಇಡೀ ಕಥೆ ಹೇಳಿದ. ಫಿಟ್ಟರುಗಳು ಬಂದ ಹೊಸದರಲ್ಲಿ ಅವರಲ್ಲೊಬ್ಬ ನೋಚೆ ದಿ ಬುರ್ರೊ ಹಾಕು ಅಂದನಂತೆ. ಸಾರ್ ಬಾಗಿಲಲ್ಲಿ ನಿಂತು ಡಿಕ್ಷನರಿ ನೋಡಿ, 'ಬೆಣ್ಣೆ, ಆಮೇಲೆ ಗಟ್ಟಿಯಾದ ಒಂದು ಕಾಯಿ, ಒಡೆದು ತಿನ್ನೋದು' ಅಂದರಂತೆ. ಆಗಿನ ಭದ್ರಾವತಿಯಲ್ಲಿ ಅಕ್ರೋಟು ಎಲ್ಲಿಂದ ಬರಬೇಕು? ಮಣಿ ತನ್ನ ಎಲೆಯಡಿಕೆ ಚೀಲಕ್ಕೇ ಕೈಹಾಕಿ, ಅಡಿಕೆ ಕತ್ತರಿಸಿ, ಬೆಣ್ಣೆಯಲ್ಲಿ ಹುರಿದು ಶಾವಿಗೆ ಮೇಲೆ ಉದುರಿಸಿದ. ಫಿಟ್ಟರು ಬೆಣ್ಣೆಯ ರುಚಿಗೆ ಚೆನ್ನಾಗಿ ಅಗಿದ. ಅಡಿಕೆ ಸೊಕ್ಕಿತು. ಬೆವರು, ತಲೆಸುತ್ತು, ಕಿವಿ ಕೆಂಪಗೆ, ಕುರ್ಚಿ ಹಿಡಿದುಕೊಂಡು ಕೂತುಬಿಟ್ಟ. ಗೆಸ್ಟ್‌ಹೌಸಿನಲ್ಲಿ ಗಲಾಟೆಯೋ ಗಲಾಟೆ. ಸುಧಾರಿಸಿಕೊಂಡ ಮೇಲೆ ಅವನು ಅಡಿಗೆಮನೆಗೆ ಬಂದು, ಬೆಣ್ಣೆ ಉಂಡೆ ಮಾಡಿ, ಅಡಿಕೆಯ ಪಕ್ಕ ಇಟ್ಟು, ಇಷ್ಟು, ಇಷ್ಟು ಅಂತ ಬೆರಳಲ್ಲಿ ತೋರಿಸಿದನಂತೆ. "ಅಂದಿನಿಂದ ನಂಗೆ ಬೆಣ್ಣೆ ಅಂದ್ರೆ ಪಾಕ್ಕು ಅಳವು ಸಾರ್. ಯಾಕೆ, ಈಗ ಯಾರಿಗೆ ಸೊಕ್ಕಿತು?" ಅಂದ ಮಣಿ.

ಹುಡುಗಿ ಕಣ್ಣೀರು ಬರೋ ಹಾಗೆ ನಗ್ತಾ ಇದ್ದಳು. "ಸಾಕು ಸರ್, ಸಾಕು. ಯಾವ ಮೆಷೀನಿಗೂ ಇಷ್ಟು ಚಂದದ ತಪ್ಪು ಮಾಡೋಕೆ ಬರಲ್ಲ. ನಿಮ್ಮ ಹೆಸರು ಹಾಕ್ತೀವಿ."

"ತಪ್ಪಲ್ಲಮ್ಮ ಅದು" ಅಂದರು ಇವರು. ನಾನು ಮೇಜಿನ ಕೆಳಗೆ ಅವರ ಪಂಚೆ ಎಳೆದೆ. ದಮ್ಮಯ್ಯ, ಸುಮ್ಮನಿರಿ ಅಂತ. ಅವರು ಪಂಚೆ ಬಿಡಿಸಿಕೊಂಡು, "ಇಂಗ್ಲಿಷ್‌ನೋರಿಗೆ ಅಡಿಕೆ ಗೊತ್ತಿರಲ್ಲ ಅನ್ನೋದು ನಂಗೆ ಹೊಳೀಲಿಲ್ಲ. ನಾಬೇ ಇರ್ಲಿ" ಅಂದರು. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ಸಾಕ್ಷಿ ನಾನೊಬ್ಬಳೇ ಆಗಿದ್ದರೆ ನನ್ನನ್ನ ಯಾರೂ ನಂಬ್ತಿರಲಿಲ್ಲ.

ಸಾಯಂಕಾಲ ಡಬ್ಬಿಚೀಲ ತಗೊಂಡು ಹೊರಟವರು ಬಾಗಿಲಲ್ಲಿ ನಿಂತರು. "ನೀನು ತಿದ್ದಿದ್ದು ಸರಿನೇ ಇರ್ಬಹುದು" ಅಂದರು. "ಆದ್ರೆ ನೋಡು, ಬಸ್ಸಿನ ಬೋರ್ಡು ನಂಬದೇ ಇದ್ದೋನು ನಾನು. ನೀನು ಸ್ಪೆಲ್ಲಿಂಗ್ ನೋಡ್ತಿದೀಯ ಅಂತ ನಂಬಿದ್ದೆ." ಅಂದು ಮೆಟ್ಟಿಲಿಳಿದು ಹೋದರು. ಚುರುಕ್ ಅಂತು ನನಗೆ. ಆದರೂ ಕೂಗಿ ಕರೆದು ಕ್ಷಮಿಸಿ ಅನ್ನಲಿಲ್ಲ, ಅನ್ನೋ ಅಂಥದ್ದೇನೂ ಮಾಡಿರಲಿಲ್ಲ. ಮಾರನೇ ದಿನದಿಂದ ಅವರು ತಮ್ಮ ಕುರ್ಚಿಯನ್ನ ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡು, ನಾನು ತಿದ್ದೋ ಒಂದೊಂದು ಅಕ್ಷರಾನೂ ಬಗ್ಗಿ ನೋಡ್ತಾ ಕೂತರು. ಅನುಮಾನದ ಕಟಕಟೆಗೆ ನಾನೂ ಹತ್ತಿದೆ. ಬಡ್ತಿಯೋ ಹಿಂಬಡ್ತಿಯೋ, ದೇವರಿಗೇ ಗೊತ್ತು. ಉಳಿದರ್ಧ ಪುಸ್ತಕ ಹೀಗೇ ಜಗಳದಲ್ಲಿ ಮುಗಿಯಿತು, ಅಷ್ಟು ಚೆನ್ನಾದ ದಿನಗಳು ನನ್ನ ಆ ರೂಮಿನಲ್ಲಿ ಮತ್ತೆ ಬಂದಿಲ್ಲ.

ಪುಸ್ತಕ ಕೊರಿಯರಿನಲ್ಲಿ ಬಂದ ದಿನ ಅವರು ಪೊಟ್ಟಣವನ್ನ ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರು. ಬಿಚ್ಚಿ, ಒಳಪುಟ ತೆಗೆದು, ತಮ್ಮ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದರು. ಇನಿಷಿಯಲ್ಲೂ ಸರಿ ಇತ್ತು. ಅವರ ಕಣ್ಣು ತುಂಬಿಕೊಂಡಿತು ಅಂತ ನಾನು ಬೇರೆ ಕಡೆ ನೋಡಿದೆ. ಪುಸ್ತಕ ಮುಚ್ಚಿ ಕೇಳಿದರು:

"ಇದು ಎಲ್ಲಾ ಪುಸ್ತಕದಲ್ಲೂ ಇರುತ್ತಾ?"

"ಅಂದ್ರೆ?"

"ಅಲ್ಲ, ನಂಗೆ ಕಳ್ಸೋ ಕಾಪಿಲಿ ಮಾತ್ರ ಹಾಕಿ ಕಳ್ಸಿರ್ಬಹುದಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. "ಶಿವಮೊಗ್ಗದ ಅಂಗಡಿಗೂ ಬರುತ್ತಂತೆ ಸರ್, ಬಂದ್ಮೇಲೆ ನಾನೇ ನೋಡಿ ಹೇಳ್ತೀನಿ" ಅಂದೆ.

"ನೀನು ನೋಡಿ ಹೇಳೋದು ಬೇಡ" ಅಂದರು. "ಬಂದಾಗ ತಿಳ್ಸು. ನಾನೇ ನೋಡ್ತೀನಿ."

ಅಂಗಡಿಗೆ ಪುಸ್ತಕ ಬರೋದಕ್ಕೆ ಮುಂಚೆ ಅವರು ಹೋದರು.

ವೈಕುಂಠ ಸಮಾರಾಧನೆಗೆ ಭದ್ರಾವತಿಗೆ ಹೋಗಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಒಬ್ಬ ಮುದುಕ, ಆ ಪುಸ್ತಕವನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ದನಿ ಕೇಳಿದ ತಕ್ಷಣ ಗುರುತು ಸಿಕ್ಕಿತು, ಮಣಿ. "ಏದಾವದು ಒಂದು ಓದಮ್ಮಾ. ಸಾರ್ ಫೋನ್‌ಲಿ ಓದೋರು" ಅಂದ. ಯಾವುದೋ ಪುಟ ತೆಗೆದು, ಇಂಗ್ಲಿಷನ್ನ ಹಾಗೇ ಕನ್ನಡಕ್ಕೆ ಹೇಳುತ್ತಾ ಹೋದೆ. ಕಣ್ಣು ಮುಚ್ಚಿಕೊಂಡು ಕೇಳ್ತಿದ್ದ, ಅವನ ಬಲಗೈ ತೊಡೆಯ ಮೇಲೆ ಸೌಟು ಆಡಿಸಿದ ಹಾಗೆ ಆಡ್ತಿತ್ತು. "ಒಂದು ನಾಬ್ ಬೆಣ್ಣೆ ಹಾಕಿ" ಅಂತ ನಾನಂದದ್ದೇ ತಡ, ಕೈ ನಿಂತಿತು. ಕಣ್ಣು ಬಿಟ್ಟ.

"ನಾಬ್‌ನಾ ಎವ್ವಳವಮ್ಮಾ?" ಅಂತ ತಿರುಗಿ ಕೇಳಿದ.

"ಪಾಕ್ಕು" ಅಂದೆ. ತಲೆಯಾಡಿಸಿದ. ಕೈ ಮತ್ತೆ ಆಡೋಕೆ ಶುರುವಾಯಿತು. ಮುಂದಿನ ಸಾಲು ಓದಿದೆ.

ಹೋದ ವಾರ ಪುಸ್ತಕದಂಗಡಿಯಿಂದ ಫೋನ್ ಬಂತು, ಬಂದಿದೆ ಮೇಡಂ ಅಂತ. ಸ್ಕೂಟಿ ತಗೊಂಡು ಓಡಿದೆ. ಅಡಿಗೆ ಪುಸ್ತಕಗಳ ಸಾಲಿನಲ್ಲಿ ಕೆಲವು ಪ್ರತಿಗಳನ್ನ ಜೋಡಿಸಿದ್ದರು. ಒಂದನ್ನ ತೆಗೆದು ಒಳಪುಟ ನೋಡಿದೆ. ಇತ್ತು. ಅದನ್ನಿಟ್ಟು ಇನ್ನೊಂದನ್ನ ತೆಗೆದೆ. ಮತ್ತೊಂದನ್ನ ತೆಗೆದೆ. ಅಂಗಡಿಯವನು ನನ್ನನ್ನೇ ನೋಡ್ತಾ ಇದ್ದವನು ಎದ್ದು ಬಂದ.

"ಡ್ಯಾಮೇಜ್ ಏನಾದ್ರೂ ಇದ್ಯಾ ಮೇಡಂ?"

"ಇಲ್ಲ. ಒಬ್ಬರ ಹೆಸರು ನೋಡ್ತಿದೀನಿ."

"ಸಿಕ್ತಲ್ಲ ಮೇಡಂ? ಒಂದರಲ್ಲಿದ್ರೆ ಎಲ್ಲಾದರಲ್ಲೂ ಇರುತ್ತೆ."

"ಹಾಗಂತ ನಿಮಗ್ಯಾರು ಹೇಳಿದ್ರು?" ಅಂದು, ಕೊನೇ ಪ್ರತಿಯನ್ನೂ ತೆಗೆದು ನೋಡಿದೆ. ಇತ್ತು ಸರ್. ಅದರಲ್ಲೂ ಇತ್ತು.